ನಂಬರ್ ಪೋರ್ಟ್: ಒಳ್ಳೆಯ ಡೇಟಾಬೇಸ್, ಅರ್ಧಕ್ಕೆ ನಿಂತ ಕೆಲಸ

ನಮ್ಮ ಟೆಲಿಕಾಂ ಸುಧಾರಣೆಗಳಲ್ಲಿ ಸಾಮಾನ್ಯ ಗ್ರಾಹಕರಿಗೆ ನಿಜವಾದ ಬಲ ಕೊಟ್ಟದ್ದು ಯಾವುದು ಎಂದರೆ, ಕಂಪನಿ ಬದಲಿಸಿದರೂ ಹಳೆಯ ನಂಬರನ್ನೇ ಉಳಿಸಿಕೊಳ್ಳುವ ಮೊಬೈಲ್ ನಂಬರ್ ಪೋರ್ಟಬಿಲಿಟಿಯನ್ನೇ ನಾನು ಮೊದಲು ಹೆಸರಿಸುತ್ತೇನೆ. 2010ರ ನವೆಂಬರ್ 25ರಂದು ಹರಿಯಾಣದ ರೋಹ್ಟಕ್‌ನಲ್ಲಿ ಶುರುವಾಗಿ, 2011ರ ಜನವರಿ 20ಕ್ಕೆ ದೇಶಕ್ಕೆಲ್ಲ ಬಂದ ವ್ಯವಸ್ಥೆ ಇದು. ಇದಕ್ಕೆ ಹೊಸ ಟವರ್ ಬೇಕಾಗಲಿಲ್ಲ, ಹೊಸ ಸ್ಪೆಕ್ಟ್ರಂ ಬೇಕಾಗಲಿಲ್ಲ. ಪರಸ್ಪರ ಸ್ಪರ್ಧೆಗೆ ನಿಂತ ಕಂಪನಿಗಳೆಲ್ಲ ಒಪ್ಪಿ ಓದುವ ಒಂದು ಡೇಟಾಬೇಸ್ ಬೇಕಾಗಿತ್ತು. ಅದನ್ನು ಕಟ್ಟಿದ ರೀತಿ ಮೆಚ್ಚುವಂಥದ್ದು. ಆದರೆ ಅದರ ಸುತ್ತ ಆಗಬೇಕಿದ್ದ ಇನ್ನೊಂದು ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು, ಇಂದಿಗೂ ಪೂರ್ತಿಯಾಗಿಲ್ಲ.

ಮೊದಲು ಕಟ್ಟಡದ ಬುನಾದಿ ನೋಡೋಣ. ಜಿಎಸ್‌ಎಂ ಜಾಲದಲ್ಲಿ ನಾವು ಒತ್ತುವ ಹತ್ತು ಅಂಕಿಯ ನಂಬರ್ ಬೇರೆ, ಸಿಮ್ ಒಳಗೆ ಕೂತಿರುವ ಗುರುತಿನ ಸಂಖ್ಯೆ ಬೇರೆ. ಎರಡನ್ನೂ ಜೋಡಿಸುವುದು ಹೋಮ್ ಲೊಕೇಶನ್ ರಿಜಿಸ್ಟರ್ ಎಂಬ ಡೇಟಾಬೇಸ್. ಈ ಚಂದಾದಾರರು ಯಾರು, ಅವರಿಗೆ ಯಾವ ಸೇವೆಗಳಿವೆ, ಈಗ ಯಾವ ಎಕ್ಸ್‌ಚೇಂಜಿನ ವ್ಯಾಪ್ತಿಯಲ್ಲಿದ್ದಾರೆ ಎಂಬುದೆಲ್ಲ ಅಲ್ಲಿರುತ್ತದೆ. ಸಿಮ್ ಕಳೆದುಹೋದರೆ ಹೊಸ ಸಿಮ್ಮಿನಲ್ಲಿ ಹಳೆಯ ನಂಬರನ್ನೇ ಪಡೆಯಲು ಸಾಧ್ಯವಾಗುವುದು ಈ ಬೇರ್ಪಡಿಕೆಯಿಂದಲೇ. ಆದರೆ ಈ ರಿಜಿಸ್ಟರ್ ಆಯಾ ಕಂಪನಿಯ ಸ್ವಂತ ಆಸ್ತಿ. ನಂಬರಿನ ಮೊದಲ ಅಂಕಿಗಳು ಕಂಪನಿಯನ್ನೂ ಸೇವಾ ಪ್ರದೇಶವಾದ ಟೆಲಿಕಾಂ ಸರ್ಕಲ್ಲನ್ನೂ ಸೂಚಿಸುತ್ತಿದ್ದ ಕಾಲದಲ್ಲಿ, ಕಂಪನಿ ಬಿಟ್ಟವರು ನಂಬರನ್ನೂ ಬಿಡಲೇಬೇಕಿತ್ತು. ನಂಬರ್ ಬಿಟ್ಟರೆ ಗಿರಾಕಿಗಳು, ನೆಂಟರು, ಸ್ನೇಹಿತರ ಸಂಪರ್ಕವೇ ಕೈತಪ್ಪುವ ಭಯ. ಸೇವೆ ಎಷ್ಟೇ ಕೆಟ್ಟದಿದ್ದರೂ ಜನ ಅದೇ ಕಂಪನಿಯಲ್ಲಿ ಉಳಿಯುತ್ತಿದ್ದರೆ, ಆ ಭಯ ಅದಕ್ಕೊಂದು ದೊಡ್ಡ ಕಾರಣವಾಗಿತ್ತು.

2009ರ ಸೆಪ್ಟೆಂಬರಿನಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಹೊರಡಿಸಿದ ನಿಯಮಾವಳಿ ಈ ಗಂಟನ್ನು ಬಿಡಿಸಿತು. ಯಾವ ನಂಬರ್ ಈಗ ಯಾವ ಕಂಪನಿಯಲ್ಲಿದೆ ಎಂಬ ದಾಖಲೆಯನ್ನು ಕಂಪನಿಗಳ ಕೈಯಿಂದ ತೆಗೆದು ಮೂರನೆಯವರಿಗೆ ವಹಿಸಲಾಯಿತು. ದೇಶವನ್ನು ಎರಡು ವಲಯ ಮಾಡಿ, ಉತ್ತರ ಮತ್ತು ಪಶ್ಚಿಮದ ವಲಯವನ್ನು ಸಿನಿವರ್ಸ್ ಸಂಸ್ಥೆಗೂ, ಕರ್ನಾಟಕ ಸೇರಿದ ದಕ್ಷಿಣ ಮತ್ತು ಪೂರ್ವದ ವಲಯವನ್ನು ಎಂಎನ್‌ಪಿ ಇಂಟರ್‌ಕನೆಕ್ಷನ್ ಟೆಲಿಕಾಂ ಸಲ್ಯೂಷನ್ಸ್ ಸಂಸ್ಥೆಗೂ ಕೊಟ್ಟರು. ಒಂದು ನಂಬರ್ ಪೋರ್ಟ್ ಆದರೆ ಆ ಸುದ್ದಿ ಈ ಕೇಂದ್ರಗಳಿಂದ ಎಲ್ಲ ಕಂಪನಿಗಳಿಗೂ ಕೂಡಲೇ ರವಾನೆಯಾಗುತ್ತದೆ. ಪ್ರತಿ ಕಂಪನಿಯೂ ತನ್ನಲ್ಲಿರುವ ಪ್ರತಿಯನ್ನು ತಿದ್ದಿಕೊಳ್ಳುತ್ತದೆ. ನಾವು ಕರೆ ಮಾಡಿದಾಗ ನಮ್ಮ ಕಂಪನಿಯ ಜಾಲ ಮೊದಲು ಆ ಪ್ರತಿಯನ್ನು ಕೇಳಿ, ನಂಬರ್ ಈಗ ಇರುವ ಜಾಲದ ರೂಟಿಂಗ್ ಸಂಖ್ಯೆ ಪಡೆದು, ಕರೆಯನ್ನು ನೇರ ಅಲ್ಲಿಗೆ ಕಳಿಸುತ್ತದೆ. ಒಂದು ಕಂಪನಿಯ ಪ್ರತಿ ತಿದ್ದದೆ ಉಳಿದರೂ ಅಲ್ಲಿಂದ ಹೊರಟ ಕರೆ ಹಳೆಯ ಜಾಲಕ್ಕೆ ಹೋಗಿ ಸಾಯುತ್ತದೆ. ಆದ್ದರಿಂದ ಇಲ್ಲಿ ಡೇಟಾಬೇಸ್‌ನ ಅಸಲಿ ಪರೀಕ್ಷೆ ಎಲ್ಲ ಪ್ರತಿಗಳನ್ನೂ ಸದಾ ಒಂದೇ ಸ್ಥಿತಿಯಲ್ಲಿ ಇಡುವುದು.

ಈ ಆಯ್ಕೆಯ ಬೆಲೆ ತಿಳಿಯಲು ಬ್ರಿಟನ್‌ ಕಡೆ ನೋಡಬೇಕು. ಅಲ್ಲಿ ಮೊಬೈಲ್ ಪೋರ್ಟಿಂಗ್ 1999ರಲ್ಲೇ ಬಂತು; ಆದರೆ ಕರೆ ಮೊದಲು ನಂಬರ್ ಕೊಟ್ಟಿದ್ದ ಮೂಲ ಕಂಪನಿಗೆ ಹೋಗಿ, ಅದು ಹೊಸ ಕಂಪನಿಗೆ ದಾಟಿಸುವ ಪದ್ಧತಿ ನೆಲೆಯೂರಿತು. ಹಾಗಾದಾಗ ಗ್ರಾಹಕರು ಬಿಟ್ಟುಬಂದ ಕಂಪನಿಯ ಹಂಗು ತೀರುವುದೇ ಇಲ್ಲ. ಮೂಲ ಕಂಪನಿ ಮುಚ್ಚಿಹೋದರೆ ದಾಟಿಸುವವರು ಯಾರು? ನಮ್ಮಲ್ಲಿ ಆ ಪ್ರಶ್ನೆಗೆ ಮೊದಲೇ ಉತ್ತರವಿತ್ತು. 2017ರ ಕೊನೆಗೆ ರಿಲಯನ್ಸ್ ಕಮ್ಯುನಿಕೇಷನ್ಸ್ ಧ್ವನಿ ಸೇವೆ ನಿಲ್ಲಿಸಿದಾಗ, 2018ರ ಆರಂಭದಲ್ಲಿ ಏರ್‌ಸೆಲ್ ಕುಸಿದಾಗ, ಅವುಗಳ ಗ್ರಾಹಕರು ಅದೇ ನಂಬರ್ ಹಿಡಿದು ಬೇರೆ ಕಂಪನಿಗಳಿಗೆ ಹೋಗಲು ದಾರಿಯಿತ್ತು. ಕಂಪನಿ ಸತ್ತರೂ ನಂಬರ್ ಬದುಕಿತು. ಈ ವಿನ್ಯಾಸವನ್ನು ಒಳ್ಳೆಯದೆನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆಮೇಲಿನ ತಿದ್ದುಪಡಿಗಳಲ್ಲೂ ಕಲಿತ ಪಾಠ ಕಾಣುತ್ತದೆ. 2015ರ ಜುಲೈ 3ರಿಂದ ಸರ್ಕಲ್ ದಾಟಿಯೂ ಪೋರ್ಟ್ ಮಾಡಿಸಬಹುದಾಯಿತು. ಯಾದಗಿರಿಯಿಂದ ಮುಂಬಯಿಗೆ, ಪುಣೆಗೆ ದುಡಿಯಲು ಹೋದವರು ಊರಿನ ನಂಬರನ್ನೇ ಅಲ್ಲಿನ ಸ್ಥಳೀಯ ನಂಬರ್ ಮಾಡಿಕೊಳ್ಳಲು ದಾರಿಯಾಯಿತು. 2019ರ ಡಿಸೆಂಬರ್ 16ರಿಂದ ಬಂದ ಬದಲಾವಣೆ ಇನ್ನೂ ಮುಖ್ಯವಾದದ್ದು. ಅದಕ್ಕೆ ಮೊದಲು 1900ಕ್ಕೆ ಎಸ್‌ಎಂಎಸ್ ಕಳಿಸಿ ಪೋರ್ಟ್ ಕೋಡ್ ಪಡೆದವರಿಗೂ, ಅರ್ಜಿ ಕೊಟ್ಟ ಮೇಲೆ ಹಳೆಯ ಕಂಪನಿ ಬಾಕಿಯ ನೆಪವನ್ನೋ ಮತ್ತೊಂದನ್ನೋ ಹೇಳಿ ತಿರಸ್ಕರಿಸುವ ಅವಕಾಶವಿತ್ತು. ಬಿಟ್ಟುಹೋಗುವವರ ಅರ್ಜಿಗೆ ಬಿಡಲೊಲ್ಲದವರೇ ನ್ಯಾಯಾಧೀಶರಾಗಿದ್ದರು. ಈಗ ಬಾಕಿ ಇದೆಯೇ, ಈಗಿನ ಕಂಪನಿಯಲ್ಲಿ ತೊಂಬತ್ತು ದಿನ ತುಂಬಿದೆಯೇ ಎಂಬುದನ್ನೆಲ್ಲ ಕೇಂದ್ರ ಡೇಟಾಬೇಸ್ ಮೊದಲೇ ವಿಚಾರಿಸಿ, ಅರ್ಹತೆ ಇದ್ದರೆ ಮಾತ್ರ ಕೋಡ್ ಕೊಡುತ್ತದೆ. ಸರ್ಕಲ್ ಒಳಗಿನ ಪೋರ್ಟಿಂಗ್‌ಗೆ ಮೂರು ಕೆಲಸದ ದಿನಗಳ ಗಡುವೂ ಬಂತು.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ತಕರಾರು ಶುರುವಾಗುವುದು ಈ ಯಶಸ್ಸಿನ ಫಲದಲ್ಲಿ. ನಂಬರ್ ಬದಲಿಸುವ ಅಗತ್ಯವೇ ಇಲ್ಲವಾದಾಗ ಅದು ಮನುಷ್ಯರಿಗೆ ಅಂಟಿಕೊಂಡಿತು. ಬ್ಯಾಂಕ್ ಖಾತೆ, ಆಧಾರ್, ಯುಪಿಐ, ವಾಟ್ಸ್‌ಆಪ್, ಗ್ಯಾಸ್ ಬುಕ್ಕಿಂಗ್ ಎಲ್ಲಕ್ಕೂ ಅದೇ ಬೀಗದ ಕೈ. ಆದರೆ ಪೋರ್ಟಿಂಗ್ ಡೇಟಾಬೇಸ್ ಉತ್ತರಿಸುವುದು ಒಂದೇ ಪ್ರಶ್ನೆಗೆ: ಈ ನಂಬರ್ ಯಾವ ಜಾಲದಲ್ಲಿದೆ? ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅದರ ಕೆಲಸವಲ್ಲ. ಓಟಿಪಿ ಕಳಿಸುವ ಬ್ಯಾಂಕುಗಳು, ಆ್ಯಪ್‌ಗಳು ಮಾತ್ರ ಎರಡನೆಯ ಪ್ರಶ್ನೆಗೂ ಉತ್ತರ ಸಿಕ್ಕಿದೆ ಎಂದೇ ನಂಬಿ ನಡೆದವು.

ರೀಚಾರ್ಜ್ ಮಾಡಿಸಲಾಗದೆ ನಂಬರ್ ನಿಂತುಹೋದವರನ್ನು ನೆನೆಯಿರಿ. ಕಡಿತವಾದ ನಂಬರನ್ನು ತೊಂಬತ್ತು ದಿನ ಯಾರಿಗೂ ಕೊಡುವುದಿಲ್ಲ, ಆಮೇಲೆ ಬೇರೆಯವರಿಗೆ ಕೊಡಬಹುದು. 2023ರ ನವೆಂಬರಿನಲ್ಲಿ ಈ ವಿಷಯ ಸುಪ್ರೀಂ ಕೋರ್ಟಿಗೆ ಬಂದಾಗ, ಹಳೆಯ ನಂಬರಿನ ವಾಟ್ಸ್‌ಆಪ್ ಖಾತೆ ಅಳಿಸಿ ತಮ್ಮ ಮಾಹಿತಿ ಕಾಪಾಡಿಕೊಳ್ಳುವುದು ಚಂದಾದಾರರಿಗೇ ಬಿಟ್ಟದ್ದು ಎಂಬ ನಿಲುವು ಹೊರಬಂತು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಆದರೆ ರೀಚಾರ್ಜಿಗೆ ದುಡ್ಡಿಲ್ಲದ ಕೂಲಿಯವರಿಗೆ, ಒಬ್ಬಂಟಿ ಅಜ್ಜಿಯರಿಗೆ ತಮ್ಮ ನಂಬರ್ ಎಲ್ಲೆಲ್ಲಿ ನೋಂದಣಿಯಾಗಿದೆ ಎಂಬ ಪಟ್ಟಿಯೇ ಇರುವುದಿಲ್ಲ. ಇಲ್ಲದ ಪಟ್ಟಿಯನ್ನು ಅವರು ತಿದ್ದುವುದು ಹೇಗೆ?

ಸ್ಥಗಿತಗೊಂಡ ನಂಬರುಗಳ ಪಟ್ಟಿ ಇದೆ, ನಿಜ. 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಬಳಸಿ ತಮ್ಮ ದಾಖಲೆ ತಿದ್ದಿಕೊಳ್ಳುವಂತೆ ಬ್ಯಾಂಕುಗಳಿಗೆ ಹೇಳಿತು. ಅದೇ ವರ್ಷದ ಏಪ್ರಿಲ್‌ನಿಂದ ಯುಪಿಐ ಸಂಸ್ಥೆಗಳು ವಾರಕ್ಕೊಮ್ಮೆಯಾದರೂ ಈ ಕೆಲಸ ಮಾಡಬೇಕೆಂಬ ನಿಯಮ ಬಂತು. ಸ್ವಾಗತಾರ್ಹವೇ. ಆದರೂ ಪೋರ್ಟಿಂಗ್ ವ್ಯವಸ್ಥೆಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕರೆ ದಾರಿ ತಪ್ಪದಿರಲಿ ಎಂದು ದೇಶದ ಎಲ್ಲ ಕಂಪನಿಗಳ ಡೇಟಾಬೇಸ್ ಕೂಡಲೇ ತಿದ್ದಲ್ಪಡುತ್ತದೆ, ಅದೂ 2011ರಿಂದ. ಹಣ ದಾರಿ ತಪ್ಪದಿರಲಿ ಎಂಬ ತಿದ್ದುಪಡಿಗೆ ಹದಿನಾಲ್ಕು ವರ್ಷ ಕಾಯಬೇಕಾಯಿತು, ಬಂದಾಗಲೂ ವಾರದ ಲೆಕ್ಕದಲ್ಲಿ ಬಂತು. ವೇಗವಾಗಿ ಸುದ್ದಿ ಮುಟ್ಟಿಸುವ ತಂತ್ರಜ್ಞಾನ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಅದನ್ನು ಯಾರ ಹಿತಕ್ಕೆ ಕಡ್ಡಾಯ ಮಾಡಿದೆವು ಎಂಬುದಷ್ಟೇ ವ್ಯತ್ಯಾಸ.

ಸಿಮ್ ಬದಲಾಯಿಸಿ ಮೋಸ ಮಾಡುವವರನ್ನು ತಡೆಯಲು 2024ರ ಜುಲೈ 1ರಿಂದ, ಸಿಮ್ ಬದಲಾದ ಏಳು ದಿನದೊಳಗೆ ಪೋರ್ಟ್ ಕೋಡ್ ಸಿಗದಂತೆ ಮಾಡಲಾಗಿದೆ. ಇದರಿಂದ ಕಳ್ಳರಿಗೆ ಒಂದು ದಾರಿ ಮುಚ್ಚಿತು. ಆದರೆ ಸಿಮ್ ಬದಲಾದ ಸಂಗತಿ ಬ್ಯಾಂಕಿಗೆ ಆ ಕ್ಷಣವೇ ತಲುಪಿದರೆ ಆಗುವ ಉಪಕಾರ ಬರೀ ಕಾಯಿಸುವುದರಿಂದ ಆಗದು.

ಆಗಬೇಕಾದದ್ದು ಕಷ್ಟದ ಕೆಲಸವೇನಲ್ಲ. ನಂಬರ್ ಕಡಿತವಾದ, ಸಿಮ್ ಬದಲಾದ, ಹೊಸಬರ ಕೈಗೆ ಹೋದ ಸುದ್ದಿ ಪೋರ್ಟಿಂಗ್ ಸುದ್ದಿಯಷ್ಟೇ ಬೇಗ ಓಟಿಪಿ ಕಳಿಸುವ ಪ್ರತಿ ಸಂಸ್ಥೆಗೂ ಮುಟ್ಟಬೇಕು. ಅದರಲ್ಲಿ ಹೆಸರು, ವಿಳಾಸ ಇರಕೂಡದು; ಯಾವ ಸಂಖ್ಯೆಗೆ ಏನಾಯಿತು, ಯಾವಾಗ ಆಯಿತು ಎಂಬುದಷ್ಟೇ ಸಾಕು, ಇಲ್ಲವಾದರೆ ರಕ್ಷಣೆಯ ಹೆಸರಿನಲ್ಲಿ ಕಣ್ಗಾವಲು ಶುರುವಾಗುತ್ತದೆ. 2023ರ ಮೇ ತಿಂಗಳಲ್ಲಿ ಆರಂಭವಾದ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದು ನೋಡಬಹುದು. ಅದು ಒಳ್ಳೆಯ ಆರಂಭ. ನಂಬರ್ ನಿಲ್ಲುವ ಮುನ್ನ ಅದರ ಒಡೆಯರಿಗೆ ಕನ್ನಡದಲ್ಲಿ, ಅವರವರ ಭಾಷೆಯಲ್ಲಿ, ಏನು ಕಳೆದುಕೊಳ್ಳಲಿದ್ದೀರಿ ಎಂದು ತಿಳಿಸುವ ಹೊಣೆಯನ್ನು ಕಂಪನಿಗಳಿಗೆ ಹೊರಿಸಬೇಕು. ನಂಬರನ್ನು ಕಂಪನಿಯಿಂದ ಬಿಡಿಸಿ ಗ್ರಾಹಕರ ಕೈಗೆ ಕೊಟ್ಟ ಟ್ರಾಯ್‌ಗೆ, ಅದು ಗ್ರಾಹಕರ ಕೈಬಿಡುವ ಹೊತ್ತಿನಲ್ಲೂ ಅವರ ಪರ ನಿಲ್ಲುವ ಹೊಣೆ ಇದೆ.