ಛಂದೋಬೋಧನೆಯಲ್ಲಿ ಪ್ರಸ್ತಾರಚಿತ್ರ

ಛಂದಸ್ಸನ್ನು ಕಲಿಸುವಾಗ ಗೋಡೆಯ ತೆರೆಯ ಮೇಲೆ ಚಿತ್ರಗಳನ್ನು ತೋರಿಸುವ ಪದ್ಧತಿಯು ಈಚೆಗೆ ನಮ್ಮ ಕಾಲೇಜುಗಳಲ್ಲಿ ಬಳಕೆಗೆ ಬಂದಿರುವುದಷ್ಟೆ. ಪದ್ಯದ ಪಾದವೊಂದನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಅದು ಕ್ಷಣಮಾತ್ರದಲ್ಲಿ ಗುರುಲಘುಗಳನ್ನು ಗುರುತಿಸಿ ಗಣಗಳನ್ನು ವಿಂಗಡಿಸಿ ಬಣ್ಣಬಣ್ಣವಾಗಿ ತೋರಿಸುವುದು. ಹೊಸತೆಂಬ ಕಾರಣದಿಂದಲೇ ಇದನ್ನು ತಿರಸ್ಕರಿಸುವವರ ಪಕ್ಷ ನನ್ನದಲ್ಲ. ಗಹನವಾದುದನ್ನು ಚಿತ್ರದ ನೆರವಿನಿಂದ ತಿಳಿಸುವುದು ಈ ಶಾಸ್ತ್ರದಲ್ಲಿ ಬಹು ಹಳೆಯ ಕ್ರಮ. ಆದರೆ ಹಿಂದಿನವರ ಚಿತ್ರಕ್ಕೂ ಇಂದಿನ ಚಿತ್ರಕ್ಕೂ ಒಂದು ಭೇದವುಂಟು.

ಪಿಂಗಳನ ಸೂತ್ರಗಳಿಗೆ ಹತ್ತನೆಯ ಶತಮಾನದಲ್ಲಿ ವೃತ್ತಿಯನ್ನು ಬರೆದ ಹಲಾಯುಧನು ಮೇರುಪ್ರಸ್ತಾರವನ್ನು ಹೇಳುವ ಬಗೆಯನ್ನು ನೋಡಬೇಕು. ಮೇಲೆ ಒಂದು ಚೌಕದ ಮನೆ. ಅದರ ಕೆಳಗೆ ಇಕ್ಕೆಲಗಳಲ್ಲಿಯೂ ಅರ್ಧದಷ್ಟು ಹೊರಚಾಚುವಂತೆ ಎರಡು ಮನೆ. ಅವುಗಳ ಕೆಳಗೆ ಮೂರು. ಅಂಚಿನ ಮನೆಗಳಲ್ಲಿ ಒಂದನ್ನೂ, ನಡುವಣ ಮನೆಗಳಲ್ಲಿ ಮೇಲಿನೆರಡು ಮನೆಗಳ ಮೊತ್ತವನ್ನೂ ಬರೆಯುತ್ತ ಹೋದರೆ, ಮೂರಕ್ಷರಕ್ಕೆ ೧, ೩, ೩, ೧ ಎಂಬ ಸಾಲು ಸಿದ್ಧಿಸುವುದು. ಸರ್ವಗುರು ಒಂದು, ಒಂದು ಲಘುವುಳ್ಳವು ಮೂರು, ಎರಡು ಲಘುವುಳ್ಳವು ಮೂರು, ಸರ್ವಲಘು ಒಂದು. ಕೂಡಿ ನಮ್ಮ ಎಂಟು ಗಣಗಳು. (ಯುರೋಪಿನಲ್ಲಿ ಈ ತ್ರಿಕೋನಕ್ಕೆ ತನ್ನ ಹೆಸರನ್ನು ಕೊಟ್ಟ ಪಾಸ್ಕಲನ ಪ್ರಬಂಧ ಅಚ್ಚಾದುದು ೧೬೬೫ರಲ್ಲಿ.) ಇಲ್ಲಿ ಹಲಾಯುಧನು ಕೊಟ್ಟಿರುವುದು ಬರೆಯುವ ವಿಧಿಯನ್ನು, ಬರೆದು ಮುಗಿದ ಚಿತ್ರವನ್ನಲ್ಲ. ಶಿಷ್ಯನ ಕೈ ಮನೆಯಿಂದ ಮನೆಗೆ ಇಳಿಯುವಾಗಲೇ ಸಂಖ್ಯೆಯು ಹುಟ್ಟುವ ಕಾರಣವು ಅವನಿಗೆ ವೇದ್ಯವಾಗುತ್ತದೆ. ತೆರೆಯ ಮೇಲೆ ಮೇರುವು ಒಮ್ಮೆಲೇ ಮೂಡಿದರೆ ಅವನು ಅದನ್ನು ನಕಲು ಮಾಡಿಕೊಳ್ಳುವನು, ಅಷ್ಟೆ.

ಚಿಹ್ನೆಗಳ ವಿಷಯದಲ್ಲಿಯೂ ಒಂದು ಮಾತು. ಸಂಸ್ಕೃತಪಾಠಶಾಲೆಯಲ್ಲಿ ವಕ್ರರೇಖೆ ಗುರುವಿಗೆ, ಸರಳರೇಖೆ ಲಘುವಿಗೆ. ಇಂದಿನ ಕನ್ನಡ ಪಠ್ಯಗಳಲ್ಲಿ ಅಡ್ಡಗೆರೆಯೇ ಗುರು, ಬಾಗಿದ ಗೆರೆಯೇ ಲಘು. ಎರಡೂ ಕಡೆ ಓದಿದ ಹುಡುಗನು ತಬ್ಬಿಬ್ಬಾದರೆ ತಪ್ಪು ಅವನದಲ್ಲ.

ಉತ್ಪಲಮಾಲೆ, ಚಂಪಕಮಾಲೆಗಳಂಥ ಅಕ್ಷರವೃತ್ತಗಳಲ್ಲಿ ಯಂತ್ರವು ಎಡವುವುದಿಲ್ಲ. ಅಲ್ಲಿ ಗುರುಲಘುಗಳ ಸ್ಥಾನವು ನಿಯತ. ತೊಡಕಿರುವುದು ನಾಗವರ್ಮನು ಛಂದೋಂಬುಧಿಯಲ್ಲಿ ನಿರೂಪಿಸಿದ ಅಂಶಗಣಗಳಲ್ಲಿ. ಬ್ರಹ್ಮಗಣಕ್ಕೆ ಎರಡು, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು ಅಂಶಗಳು. ಮೊದಲ ಅಂಶವು ಒಂದು ಗುರುವಾಗಲಿ ಎರಡು ಲಘುಗಳಾಗಲಿ ಆಗಬಹುದು. ಮಿಕ್ಕವು ಗುರುವೋ ಲಘುವೋ ಒಂದೊಂದೇ ಅಕ್ಷರ. ಆದಕಾರಣ ಕ್ರಮವಾಗಿ ೪, ೮, ೧೬ ರೂಪಗಳು. ಎರಡು ಗುರುಗಳಿಗೆ ನಾಲ್ಕು ಮಾತ್ರೆ, ಅದು ಬ್ರಹ್ಮಗಣ. ಒಂದು ಗುರುವಿನ ಮೇಲೆ ಎರಡು ಲಘುಗಳು ಬಂದರೂ ನಾಲ್ಕೇ ಮಾತ್ರೆ, ಆದರೆ ಅದು ವಿಷ್ಣುಗಣ. ಆ ಲಘುಗಳೇ ಗುರುವಿಗಿಂತ ಮೊದಲು ನಿಂತರೆ ಮತ್ತೆ ಬ್ರಹ್ಮ. ಮಾತ್ರೆಯನ್ನೆಣಿಸಿ ಬಣ್ಣ ಬಳಿಯುವ ಯಂತ್ರಕ್ಕೆ ಈ ವಿವೇಕವೆಲ್ಲಿಯದು? ಅಕ್ಷರದಲ್ಲಿ ನಾಲ್ಕರಿಂದ ಆರು ಮಾತ್ರೆಗಳವರೆಗೆ ಹೆಚ್ಚುಕಡಮೆಯಾಗುವ ವಿಷ್ಣುಗಣವನ್ನು ಸಮಗೊಳಿಸುವುದು ಹಾಡುವವರ ಎಳೆತ. ಅದು ಕಣ್ಣಿಗೆ ಕಾಣುವ ವಸ್ತುವಲ್ಲ.

ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬನಿಗೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ (ಕ್ರಿ.ಶ. ಸುಮಾರು ೭೦೦) ತ್ರಿಪದಿಯೊಂದನ್ನು ಕೊಟ್ಟೆನು. ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದವು ವಿಷ್ಣು ಎಂಬ ಲಕ್ಷಣವನ್ನು ಒಪ್ಪಿಸಿದನು. ಗುರುಲಘುಗಳನ್ನೂ ಒಂದೂ ತಪ್ಪದೆ ಹಾಕಿದನು. ಓದೆಂದಾಗ ಮಾತ್ರ ಗದ್ಯದಂತೆ ಓದಿದನು! ಆರನೆಯ ಗಣದಲ್ಲಿ ನಡೆಯು ಮೊಟಕಾಗಿ ತಿರುಗುವುದು ಅವನ ಕಿವಿಗೆ ಬಿದ್ದಿರಲೇ ಇಲ್ಲ. ಪರೀಕ್ಷೆಯಲ್ಲಿ ಇಂಥವನಿಗೆ ಪೂರ್ಣಾಂಕ ಸಲ್ಲುವುದೆಂಬುದೇ ನನ್ನ ಆತಂಕ.

ಆದರೂ ಈ ಕೊರತೆಯನ್ನು ನೀಗಿಸುವ ಶಕ್ತಿಯೂ ಆ ಯಂತ್ರದಲ್ಲಿಯೇ ಇದೆ. ಧ್ವನಿಯನ್ನು ಹಿಡಿದಿಟ್ಟು ಕೇಳಿಸುವ ಸೌಕರ್ಯವು ಹಲಾಯುಧನಿಗಿರಲಿಲ್ಲ, ನಮಗಿದೆ. ಬೀಸುವ ಪದಗಳಲ್ಲಿ ಬಹುಪಾಲು ತ್ರಿಪದಿಯಲ್ಲಿರುವುದು ವಿದ್ವಾಂಸರಿಗೆ ವಿದಿತವೇ. ಹಳ್ಳಿಯ ಹೆಂಗಸರು ಅವುಗಳನ್ನು ಹಾಡುವುದನ್ನು ಮುದ್ರಿಸಿಕೊಂಡು, ಹಾಡು ಸಾಗಿದಂತೆ ಒಂದೊಂದೇ ಗಣವು ತೆರೆಯ ಮೇಲೆ ಬೆಳಗುವಂತೆ ಮಾಡಿದರೆ ಎಳೆತವು ಎಲ್ಲಿ ಬಿದ್ದಿತೆಂಬುದನ್ನು ಕಿವಿಯೂ ಕಣ್ಣೂ ಒಟ್ಟಿಗೆ ಅರಿಯುವವು. ಬೀಸುಕಲ್ಲು ಮನೆಗಳಿಂದ ಮರೆಯಾಗುತ್ತಿದೆ. ಅದರ ಮುಂದೆ ಕುಳಿತು ಹಾಡಿದವರಲ್ಲಿ ಹಲವರು ಈಗ ಮುಪ್ಪಿನವರು. ಗಣವಿಭಾಗದ ಯಂತ್ರಗಳನ್ನು ರಚಿಸುವವರು ಮೊದಲು ಅವರಲ್ಲಿಗೆ ಹೋಗಬೇಕಾಗಿದೆ.