ದೂರದ ಓಟಕ್ಕೆ ಹದಿನಾರು ಅರ್ಧಬಸ್ಕಿ

ದೂರದ ಓಟವನ್ನು ಅಭ್ಯಸಿಸುವವರಲ್ಲಿ ಭಾರ ಎತ್ತುವ ವಿಷಯವಾಗಿ ಬಹುಕಾಲದಿಂದ ಒಂದು ಶಂಕೆ ಬೇರೂರಿದೆ: ಮೈ ದಪ್ಪವಾದೀತು, ಕಾಲು ಜಡವಾದೀತು, ಹೆಚ್ಚಿದ ತೂಕವನ್ನು ಹೆಜ್ಜೆಹೆಜ್ಜೆಗೂ ಹೊರಬೇಕಾದೀತು ಎಂದು. ಈ ಶಂಕೆಯನ್ನು ಪ್ರಯೋಗದಿಂದಲೇ ಪರಿಹರಿಸಹೊರಟ ವ್ಯಾಯಾಮಕ್ರಮಗಳಲ್ಲಿ, ನಾರ್ವೆಯ ಓಯ್ವಿಂಡ್ ಸ್ಟೋರೆನ್ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದ ಕ್ರಮವು ತನ್ನ ಮಿತತ್ವದಿಂದಲೇ ನನ್ನ ಗೌರವಕ್ಕೆ ಪಾತ್ರವಾಗಿದೆ. ಅದರಲ್ಲಿರುವುದು ಒಂದೇ ವ್ಯಾಯಾಮ, ಅರ್ಧಬಸ್ಕಿ.

ಬಾರ್‌ಬೆಲ್ಲನ್ನು ಹೆಗಲ ಹಿಂಬದಿಯಲ್ಲಿ ಹೊತ್ತು, ಮಂಡಿಯು 90 ಡಿಗ್ರಿಗೆ ಮಡಿಯುವವರೆಗೆ ನಿಧಾನವಾಗಿ ಇಳಿದು, ಅಲ್ಲಿಂದ ಇರುವ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಮೇಲೇಳಬೇಕು. ನಾಲ್ಕು ಸಲ ಎತ್ತಲು ಸಾಧ್ಯವಾಗಿ ಐದನೆಯ ಸಲಕ್ಕೆ ಅಸಾಧ್ಯವಾಗುವಷ್ಟು ಭಾರ; ಅಂತಹ ನಾಲ್ಕು ಸೆಟ್; ನಡುನಡುವೆ ಮೂರು ನಿಮಿಷದ ವಿಶ್ರಾಂತಿ; ವಾರಕ್ಕೆ ಮೂರು ದಿನದಂತೆ ಎಂಟು ವಾರ. ಐದನೆಯ ಸಲವೂ ಎದ್ದುದಾದರೆ ಎರಡೂವರೆ ಕಿಲೋ ಸೇರಿಸತಕ್ಕದ್ದು. ನೋಡುವವನ ಕಣ್ಣಿಗೆ ಕಂಬಿಯು ಮೆಲ್ಲಗೆ ಏರುವಂತೆ ತೋರಿದರೂ ಎತ್ತುವವನ ಪ್ರಯತ್ನದಲ್ಲಿ ಜಿಗಿತದ ತ್ವರೆಯಿರಬೇಕೆಂಬುದೇ ಈ ಕ್ರಮದ ಜೀವಾಳ. ಏಕೆಂದರೆ ವೇಗದ ಓಟದಲ್ಲಿ ಪಾದವು ನೆಲಕ್ಕೆ ತಾಗಿರುವುದು ಸುಮಾರು ಸೆಕೆಂಡಿನ ಐದರಲ್ಲೊಂದು ಪಾಲು, ಅಷ್ಟರೊಳಗೆ ಹೊಮ್ಮದ ಬಲವು ಓಟಗಾರನಿಗೆ ನಿಷ್ಪ್ರಯೋಜಕ.

ಎಂಟು ವಾರಗಳ ತರುವಾಯ ಬಸ್ಕಿಯ ಬಲ ಶೇಕಡಾ 33ರಷ್ಟು ವೃದ್ಧಿಯಾಯಿತು, ಮೈತೂಕ ವೃದ್ಧಿಯಾಗಲಿಲ್ಲ. ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ ಇದ್ದಂತೆಯೇ ಇದ್ದರೂ, ಅದೇ ವೇಗಕ್ಕೆ ತಗಲುವ ಆಮ್ಲಜನಕದ ವೆಚ್ಚ ಶೇಕಡಾ 5ರಷ್ಟು ತಗ್ಗಿತು. ಸ್ನಾಯುವನ್ನು ಉಬ್ಬಿಸುವುದಕ್ಕಿಂತ ಇರುವ ಸ್ನಾಯುತಂತುಗಳನ್ನು ಒಮ್ಮೆಗೇ ಎಬ್ಬಿಸುವುದನ್ನು ನರಮಂಡಲಕ್ಕೆ ಕಲಿಸುವ ಶಿಕ್ಷಣವಿದು. ಜಿಮ್ಮುಗಳಲ್ಲಿ ಓಟಗಾರನೆಂದು ತಿಳಿದೊಡನೆ ಹಗುರ ಭಾರವನ್ನು ಕೈಗಿತ್ತು ಇಪ್ಪತ್ತು ಸಲ ಎತ್ತಿಸುವ ವಾಡಿಕೆಯನ್ನು ನಾನು ಒಪ್ಪಲಾರೆ. ಸಾವಿರಾರು ಹೆಜ್ಜೆಗಳಿಂದ ರಸ್ತೆಯೇ ಕಲಿಸಿದ ಪಾಠವನ್ನು ಅದು ಮರಳಿ ಒಪ್ಪಿಸುತ್ತದೆ. ನಮ್ಮ ಗರಡಿಮನೆಗಳ ನೂರಾರು ಬಸ್ಕಿಗಳ ಸಾಧನೆ ಘನವಾದುದು, ಆದರೆ ಅದು ಕುಸ್ತಿಯ ಪೈಲ್ವಾನನಿಗೆ ಉಸಿರು ಕಟ್ಟಿಕೊಡುವ ಸಾಧನೆ. ಉಸಿರು ಆಗಲೇ ಇರುವ ಓಟಗಾರನ ಕೊರತೆ ಬೇರೆ.

ಹಾಗೆಂದು ಈ ಪ್ರಯೋಗವನ್ನು ಅತಿಯಾಗಿ ನಂಬಲಾಗದು. ಅದರಲ್ಲಿದ್ದವರು ಕೇವಲ 17 ಮಂದಿ, ಅವರಲ್ಲಿ ಬಸ್ಕಿ ಮಾಡಿದವರು ಒಂದು ಭಾಗ ಮಾತ್ರ. ದಣಿಯುವವರೆಗೆ ಓಡಬಲ್ಲ ಕಾಲವು ಶೇಕಡಾ 21ರಷ್ಟು ಹೆಚ್ಚಿತೆಂಬುದು ಟ್ರೆಡ್‌ಮಿಲ್ಲಿನ ಮೇಲಿನ ಮಾಪನ. ಬಿಸಿಲು, ಏರು, ಎದುರಾಳಿಗಳುಳ್ಳ ಪಂದ್ಯಕ್ಕೆ ಅದನ್ನು ನೇರವಾಗಿ ಅನ್ವಯಿಸುವುದು ಅವಿವೇಕ. ಇನ್ನೂ ದೊಡ್ಡ ಲೋಪವೆಂದರೆ, ದೇಹವನ್ನು ಮುಂದಕ್ಕೆ ನೂಕುವ ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜುವಿಗೂ ಇಲ್ಲಿ ಪ್ರತ್ಯೇಕ ಪಾಲಿಲ್ಲದಿರುವುದು; ಮೆಟ್ಟಿಲಿನ ಅಂಚಿನಲ್ಲಿ ನಿಂತು ಭಾರ ಹೊತ್ತು ಹಿಮ್ಮಡಿ ಎತ್ತುವ ಅಭ್ಯಾಸವನ್ನು ನಾನಂತೂ ಇದಕ್ಕೆ ಅವಶ್ಯವಾಗಿ ಸೇರಿಸುವೆನು. ವಾರಕ್ಕೆ ಮೂರು ದಿನದ ಹೊರೆಯೂ ಪಂದ್ಯಕಾಲದಲ್ಲಿ ಅಧಿಕವೇ ಸರಿ. ನಾರ್ವೆಯವರೇ ಆದ ಬೆಂಟ್ ರೋನ್ನೆಸ್ಟಾಡ್ ಮತ್ತು ಸಹಸಂಶೋಧಕರು ಸೈಕಲ್ ಪಟುಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮುಂಗಡವಾಗಿ ಗಳಿಸಿದ ಬಲವನ್ನು ಪಂದ್ಯಗಳ ಋತುವಿನಲ್ಲಿ ಉಳಿಸಿಕೊಳ್ಳಲು ವಾರಕ್ಕೊಂದು ದಿನದ ಅಭ್ಯಾಸ ಸಾಕಾಯಿತು.