ಹಿತ್ತಲ ಹಕ್ಕಿಯೂ ಜಂತಿಯ ಗುಬ್ಬಿಯೂ: ಕನ್ನಡದ ಪಕ್ಷಿಬರೆಹವನ್ನು ಕುರಿತು

ಮನೆಯ ಸುತ್ತಣ ಹಕ್ಕಿಗಳನ್ನು ಋತುವಿನಿಂದ ಋತುವಿಗೆ ನೋಡುತ್ತ ಬರೆಯುವ ಗದ್ಯವು ಕನ್ನಡದಲ್ಲಿ ಈಚಿನದು. ಹೆಸರಿಸತಕ್ಕ ಬರೆಹಗಳು ಬಹುಮಟ್ಟಿಗೆ ಕರಾವಳಿ ಮಲೆನಾಡುಗಳಿಂದ ಬಂದಿವೆ. ಅವುಗಳ ಗುಣವನ್ನು ಒಪ್ಪಿಕೊಂಡೇ, ಅವು ಹಾಕಿಕೊಟ್ಟ ಮಾದರಿಯು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಬಯಲಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಪ್ರಕೃತಿವರ್ಣನೆಯೆಂದೊಡನೆ ನಮ್ಮ ವಿದ್ಯಾರ್ಥಿಗಳು ತಾವು ಕಾಣದ ಕಾಡನ್ನು ಬರೆಯುತ್ತಾರೆ. ತಮ್ಮ ಹೊಲದ ಮೇಲೆ ಹಾಯುವ ಹಿಂಡು ಬರೆಯತಕ್ಕ ವಸ್ತುವೆಂದು ಅವರಿಗೆ ತೋರುವುದಿಲ್ಲ. ಇದಕ್ಕೆ ಅವರ ಓದೇ ಕಾರಣವೆಂದು ನಮ್ಮ ಭಾವನೆ.

ಪ್ರಾಚೀನ ಕಾವ್ಯದಲ್ಲಿ ಹಕ್ಕಿಗಳಿಗೆ ಕೊರತೆಯಿಲ್ಲ. ಕೋಗಿಲೆ, ಗಿಳಿ, ಹಂಸ, ಚಕೋರ, ಚಕ್ರವಾಕಗಳು ಕವಿಸಮಯದ ನಿಯಮಕ್ಕೆ ಒಳಪಟ್ಟು, ಕರೆದಲ್ಲಿಗೆ ಬಂದು ಹೋಗುತ್ತವೆ. ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದು ಪಂಪನು ಬಯಸಿದ್ದು ನಾಡಿನ ಮೇಲಣ ಪ್ರೀತಿಯಿಂದ. ಆ ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಹಕ್ಕಿಯೆಂಬುದು ಅಲ್ಲಿ ಅಪ್ರಸ್ತುತ. ಕಾವ್ಯದ ಕೋಗಿಲೆ ಮಾವಿನ ಚಿಗುರನ್ನು ತಿನ್ನುತ್ತದೆ. ಬಾಗಲಕೋಟೆಯ ಬೇವಿನ ಮರದ ಕೋಗಿಲೆ ಹಣ್ಣನ್ನು ತಿನ್ನುತ್ತದೆ. ಕಪ್ಪಗಿದ್ದು ಕೂಗುವುದು ಗಂಡು. ಹೆಣ್ಣಿನ ಮೈ ಚುಕ್ಕೆಚುಕ್ಕೆ. ಬೇಂದ್ರೆಯವರು 1932ರ ತಮ್ಮ ಸಂಕಲನಕ್ಕೆ ‘ಗರಿ’ ಎಂದೇ ಹೆಸರಿಟ್ಟರು. ಆದರೆ ಅದರಲ್ಲಿನ ಪ್ರಸಿದ್ಧ ಹಕ್ಕಿಯು ಕಾಲದ ಪ್ರತೀಕ, ಗೂಡು ಕಟ್ಟತಕ್ಕ ಜೀವವಲ್ಲ. ಇದನ್ನು ದೋಷವೆಂದು ನಾವು ಎಣಿಸುವುದಿಲ್ಲ. ಪ್ರತೀಕವನ್ನು ವೀಕ್ಷಣೆಯೆಂದು ಓದಿಸುವ ಪಾಠಕ್ರಮದಲ್ಲಿ ಮಾತ್ರ ದೋಷವುಂಟು.

ಆದರೂ ಹಳೆಯ ಕಾವ್ಯದಲ್ಲಿ ಒಂದು ಚಿತ್ರವು ಹೊಲದಿಂದಲೇ ಬಂದುದು: ಬೆಳೆದ ನೆಲ್ಲನ್ನು ಕಾಯುತ್ತ ಹಾಡುವ ಹೆಂಗಸರು. ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ ಅವರನ್ನು ಕಬ್ಬಿನ ನೆರಳಿನಲ್ಲಿ ಕೂರಿಸಿದ್ದಾನೆ. ಕನ್ನಡ ಕವಿಗಳ ನಾಡವರ್ಣನೆಗಳಲ್ಲಿಯೂ ಇವರು ಗಿಳಿಗಳನ್ನು ಅಟ್ಟುತ್ತ ಕಾಣಿಸಿಕೊಳ್ಳುತ್ತಾರೆ. ಕಾಳಿದಾಸನ ಕೀರ್ತಿಯನ್ನು ಸ್ಪಷ್ಟವಾದ ಕಾಲದೊಡನೆ ಹೇಳುವ ಶಾಸನವು ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿಯಲ್ಲಿದೆಯೆಂಬುದು ಇಲ್ಲಿ ನೆನಪಿಗೆ ಬರುತ್ತದೆ. 634ರಲ್ಲಿ ರವಿಕೀರ್ತಿಯು ತನ್ನನ್ನು ಕಾಳಿದಾಸ ಭಾರವಿಗಳಿಗೆ ಹೋಲಿಸಿಕೊಂಡನು. ಅದೇ ಗುಡ್ಡದ ಸುತ್ತಲ ಜೋಳದ ಹೊಲಗಳಲ್ಲಿ ಕಾವಲಿನ ಕೆಲಸ ನಡೆದುಬಂದಿದೆ. ಆ ಕೆಲಸದ ಕಡೆಗೆ ನಾವು ಮತ್ತೆ ಬರುತ್ತೇವೆ.

ಕರಾವಳಿಯ ಮನೆಯಂಗಳದಿಂದ ಹಕ್ಕಿಗಳನ್ನು ನೋಡಿ ಬರೆದವರಲ್ಲಿ ಮೊದಲಿಗರೆಂದು ಗಣಿಸತಕ್ಕವರು ಕನ್ನಡಿಗರಲ್ಲ. ಮುಂಬಯಿ ಸರಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯಲ್ಲಿದ್ದ ಇ. ಎಚ್. ಏಟ್ಕನ್ನರು (1851–1909) 1883ರಲ್ಲಿ ‘ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್’ ಎಂಬ ಪುಸ್ತಕವನ್ನೂ, ಕಾರವಾರದ ಸೀಮೆಯ ಅನುಭವದಿಂದ 1894ರಲ್ಲಿ ‘ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್’ ಎಂಬುದನ್ನೂ ಪ್ರಕಟಿಸಿದರು. ವರಾಂಡದ ಕುರ್ಚಿಯಿಂದ ಏಳದೆಯೇ ಎಷ್ಟನ್ನು ಕಾಣಬಹುದೆಂಬುದನ್ನು ಈ ಗ್ರಂಥಕರ್ತರು ತೋರಿಸಿಕೊಟ್ಟರು. ಹಾಸ್ಯ ಸೊಗಸಾದುದು, ನೋಟ ಚುರುಕು. ಆದರೆ ಮೊದಲ ಪುಸ್ತಕದ ಹೆಸರನ್ನೇ ನೋಡಿ: ಮನೆಯ ಕಾಗೆ, ಇಲಿ, ಇರುವೆಗಳು ಗಡಿಯ ಬುಡಕಟ್ಟುಗಳಂತೆ, ಬಂಗಲೆಯ ಒಡೆಯನು ಅವುಗಳೊಡನೆ ಕದನವನ್ನೂ ಸಂಧಿಯನ್ನೂ ನಡೆಸುವ ಅಧಿಕಾರಿಯಂತೆ. ವಿನೋದಕ್ಕಾಗಿ ಆಡಿದ ಮಾತಾದರೂ ನೋಡುವವನು ಎಲ್ಲಿ ಕುಳಿತಿದ್ದಾನೆಂಬುದನ್ನು ಅದು ಬಯಲುಮಾಡುತ್ತದೆ. ಹಕ್ಕಿಯಿಂದ ಆತನ ಅನ್ನಕ್ಕೆ ಕುತ್ತಿಲ್ಲ.

ಶಿವರಾಮ ಕಾರಂತರು ‘ಬಾಲಪ್ರಪಂಚ’ದಲ್ಲಿಯೂ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ದಲ್ಲಿಯೂ ಪ್ರಾಣಿಲೋಕವನ್ನು ಕನ್ನಡಕ್ಕೆ ತಂದರು, ಅದು ವಿಶ್ವಕೋಶದ ಕಾರ್ಯ, ಒಂದು ಹಿತ್ತಲಿನ ದಿನಚರಿಯಲ್ಲ. ಕುವೆಂಪು ಅವರಲ್ಲಿ ಹಕ್ಕಿಯು ದರ್ಶನಕ್ಕೆ ದ್ವಾರ. ‘ಪಕ್ಷಿಕಾಶಿ’ ಎಂಬ ಹೆಸರೇ ಅದನ್ನು ಹೇಳುತ್ತದೆ. ನಿಜವಾದ ತಿರುವು ಪೂರ್ಣಚಂದ್ರ ತೇಜಸ್ವಿಯವರಿಂದ ಆಯಿತು. ಅವರು ಕ್ಯಾಮರಾ ಹಿಡಿದು ಕಾದರು, ಹಳ್ಳಿಯ ಹೆಸರುಗಳನ್ನು ಕೇಳಿದರು, ‘ಕನ್ನಡ ನಾಡಿನ ಹಕ್ಕಿಗಳು’ ಎಂಬ ಹೆಸರಿನಲ್ಲಿ ಸಾಮಾನ್ಯ ಓದುಗನ ಕೈಗೆ ಪುಸ್ತಕವಿತ್ತರು. ಈ ಉಪಕಾರ ದೊಡ್ಡದು. ಆದರೂ ಆ ಗದ್ಯಕ್ಕೆ ಜೀವ ಬರುವುದು ಮೂಡಿಗೆರೆಯ ತೋಟ, ಹಳ್ಳ, ಮಳೆಕಾಡುಗಳ ಹತ್ತಿರದಲ್ಲಿ. ‘ಕನ್ನಡ ನಾಡು’ ಎಂಬ ಮಾತು ಅಲ್ಲಿ ಬಯಲುಸೀಮೆಯವರೆಗೆ ಚಾಚುತ್ತದೆ. ಲೇಖಕರ ಮನಸ್ಸು ಚಾಚುವುದು ಅಪರೂಪ. ಶಾಸ್ತ್ರಗ್ರಂಥಗಳ ಸ್ಥಿತಿಯೂ ಭಿನ್ನವಾಗಿರಲಿಲ್ಲ. 1939–40ರಲ್ಲಿ ಸಲೀಂ ಅಲಿಯವರು ನಡೆಸಿದ ಪಕ್ಷಿಸಮೀಕ್ಷೆಯು ಮೈಸೂರು ಸಂಸ್ಥಾನದ್ದು. ಬಾಗಲಕೋಟೆ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯೊಳಗಿದ್ದುದರಿಂದ ಅದರ ಎಲ್ಲೆಯ ಹೊರಗುಳಿಯಿತು.

ಕರಾವಳಿಯ ಮಾದರಿ ಇಲ್ಲಿ ಹೊಂದದಿರುವುದಕ್ಕೆ ಮೊದಲ ಕಾರಣ ಮಳೆ. ಅಲ್ಲಿ ವರ್ಷಕ್ಕೆ 3000 ಮಿಲಿಮೀಟರಿನಷ್ಟು, ಅನೇಕ ಕಡೆ ಅದಕ್ಕೂ ಮಿಗಿಲು. ಇಲ್ಲಿ 600ಕ್ಕೂ ಕಡಮೆ, ಅದರಲ್ಲಿಯೂ ಹೆಚ್ಚಿನ ಮಳೆ ಸೆಪ್ಟೆಂಬರಿನಲ್ಲಿ. ಎರಡನೆಯ ಕಾರಣ ಮನೆ. ಕರಾವಳಿಯ ಮನೆಗೆ ಗಿಡಮರಗಳ ಹಿತ್ತಲು ಉಂಟು. ನೋಡುವವನು ಒಳಗೆ, ಹಕ್ಕಿ ಹೊರಗೆ. ಈ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳು ಗೋಡೆಗೆ ಗೋಡೆ ತಾಗಿ ನಿಲ್ಲುತ್ತವೆ. ಇಲ್ಲಿ ಗುಬ್ಬಿ ಇರುವುದು ಮನೆಯೊಳಗೆ, ಜಂತಿಯ ಸಂದಿನಲ್ಲಿ. ಅದರ ಹುಲ್ಲುಕಡ್ಡಿ ಉದುರುವುದು ರೊಟ್ಟಿ ಬಡಿಯುವವಳ ತಲೆಯ ಮೇಲೆ. ಇದನ್ನು ವೀಕ್ಷಣೆಯೆನ್ನಲಾಗದು, ಸಹವಾಸವೆನ್ನಬೇಕು. ದುರ್ಬೀನಿನ ಭಾಷೆಯಿಂದ ಈ ಸಹವಾಸವನ್ನು ಬರೆಯಲಾಗದೆಂಬುದು ನಮ್ಮ ಮುಖ್ಯ ಆಕ್ಷೇಪ.

ಇನ್ನು ಹೊಲ. ಮಳೆ ಹಿಡಿದ ಮೇಲೆ ಬಾವಿಯ ಮೇಲೆ ಬಾಗಿದ ಜಾಲಿಯ ಟೊಂಗೆಗಳಲ್ಲಿ ಗೀಜಗನ ಗೂಡುಗಳು ತೂಗುತ್ತವೆ. ಹಿಂಗಾರಿ ಜೋಳ ಎರೆಯಲ್ಲಿ ಎದ್ದು, ಚಳಿಗಾಲದಲ್ಲಿ ತೆನೆಗೆ ಹಾಲು ತುಂಬುವ ವೇಳೆಗೆ ಗುಲಾಬಿ ಮೈನಾಗಳ ಹಿಂಡು ಮೋಡದಂತೆ ಇಳಿಯುತ್ತದೆ. ಇವು ಸಂತಾನ ಬೆಳೆಸುವುದು ಮಧ್ಯ ಏಷ್ಯ ಮತ್ತು ಅದರ ಪಶ್ಚಿಮದ ಒಣಬಯಲುಗಳಲ್ಲಿ. ಮುಂಗಾರಿನ ನಡುವೆಯೇ ನಮ್ಮ ದೇಶಕ್ಕೆ ಬರತೊಡಗಿ, ಮುತ್ತುಗದ ಹೂವಿನ ಮಧುವನ್ನೂ ಹೀರಿಕೊಂಡು, ಏಪ್ರಿಲಿನ ಹೊತ್ತಿಗೆ ಹಿಂದಿರುಗುತ್ತವೆ. ಇಂಗ್ಲಿಷರು ಇದನ್ನು ‘ಜವಾರಿ ಬರ್ಡ್’, ಎಂದರೆ ಜೋಳದ ಹಕ್ಕಿ, ಎಂದೂ ಕರೆದರು. ಸೀತನಿಯ ಈ ದಿನಗಳಲ್ಲಿ ಹೊಲದ ನಡುವಣ ಅಟ್ಟದ ಮೇಲೆ ಕವಣೆ ಹಿಡಿದು ನಿಂತ ಹುಡುಗನೇ ನಮ್ಮ ಸೀಮೆಯ ಪಕ್ಷಿವೀಕ್ಷಕ. ಹಿಂಡು ಯಾವ ದಿಕ್ಕಿನಿಂದ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ, ಗುಬ್ಬಿ ತಿಂದ ತೆನೆಗೂ ಗಿಳಿ ಕಡಿದ ತೆನೆಗೂ ಏನು ವ್ಯತ್ಯಾಸ—ಇವೆಲ್ಲ ಆತನಿಗೆ ತಿಳಿದಿರಲೇಬೇಕು, ತಿಳಿಯದಿದ್ದರೆ ಕಾಳಿಲ್ಲ. ಈ ಜ್ಞಾನ ವೈರದಿಂದ ಬಂದುದೆಂದು ಯಾರಾದರೂ ಹೇಳಬಹುದು. ಆದರೆ ಅದೇ ರೈತನು ಎಳ್ಳಮಾವಾಸ್ಯೆಯ ದಿನ ಅದೇ ಹೊಲದಲ್ಲಿ ಚರಗ ಚೆಲ್ಲುತ್ತಾನೆ. ಭೂಮಿತಾಯಿಗೆಂದು ಚೆಲ್ಲಿದ ಆ ಅನ್ನವನ್ನು ಉಣ್ಣುವುದು ಹಕ್ಕಿಗಳೇ. ಕವಣೆಯೂ ಚರಗವೂ ಒಂದೇ ಕೈಯಲ್ಲಿರುವ ಈ ಸಂಬಂಧವನ್ನು ಏಟ್ಕನ್ನರ ವರಾಂಡವೂ ಕಾಣಲಿಲ್ಲ, ಮಲೆನಾಡಿನ ದರ್ಶನವೂ ಕಾಣಲಿಲ್ಲ. ಇಳಕಲ್ಲಿನ ಸೀರೆಯ ತೋಪುತೆನಿ ಸೆರಗಿನಲ್ಲಿ ಜೋಳದ ತೆನೆಯಿದೆ. ಆ ಸೀರೆಯ ಮೇಲೆ ಕಸೂತಿ ಹಾಕುವವರು ಗಿಳಿಯನ್ನೂ ನವಿಲನ್ನೂ ತೆಗೆಯುತ್ತಾರೆ. ಹೊಲದಲ್ಲಿ ಅಟ್ಟಿದ ಗಿಳಿಗೆ ಮೈಮೇಲೆ ಸ್ಥಾನ ಕೊಟ್ಟವರು ಹೆಂಗಸರು; ಸಾಹಿತ್ಯವು ಅವರಿಗಿಂತ ಹಿಂದೆ ಬಿದ್ದಿದೆ.

ಬಾದಾಮಿಯ ಶಿಲ್ಪಿಗಳ ಪರಿಭಾಷೆಯನ್ನೂ ಇಲ್ಲಿ ಎತ್ತಬಹುದು. ಗುಡಿಯ ಬಾಗಿದ ಚಾಚಿಗೆ ‘ಕಪೋತ’ವೆಂದು ಹೆಸರು, ಎಂದರೆ ಪಾರಿವಾಳ, ಅದರ ಮೇಲಣ ಕಮಾನಿನ ಅಲಂಕಾರ ‘ಕೂಡು’, ಎಂದರೆ ಗೂಡು. ಮೇಲಿನ ಕೆಂಪು ಬಂಡೆಯ ಬಿರುಕುಗಳಲ್ಲಿ ನಿಜವಾದ ಪಾರಿವಾಳಗಳು ಇಂದಿಗೂ ಕೂರುತ್ತವೆ. ಮಾರ್ಗದರ್ಶಿ ಪುಸ್ತಕಗಳು ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುತ್ತವೆ.

ಕೊನೆಯದಾಗಿ ಹಂಸದ ವಿಚಾರ. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯುದ್ದಕ್ಕೂ ಏರಿ, ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ಮುಳುಗಿಸಿತು. ಜನರು ನವನಗರಕ್ಕೆ ಬಂದರು. ಅದೇ ಹಿನ್ನೀರಿಗೆ, ಹೆರಕಲ್ ಮೊದಲಾದ ಕಡೆಗಳಲ್ಲಿ, ಫ್ಲೆಮಿಂಗೋಗಳು ಬರುತ್ತಿವೆ. ಪತ್ರಿಕೆಗಳು ಇವನ್ನು ‘ರಾಜಹಂಸ’ವೆನ್ನುತ್ತವೆ. ಹಂಸವೆಂಬುದು ಹೆಬ್ಬಾತೆಂದು 1962ರ ತಮ್ಮ ಗ್ರಂಥದಲ್ಲಿ ಫೋಗೆಲ್ಲರು ವಾದಿಸಿದ್ದುದನ್ನು ಬಲ್ಲವರು ಈ ಹೆಸರನ್ನು ಆಕ್ಷೇಪಿಸಬಹುದು. ನಮಗೆ ಅದು ಅಷ್ಟು ಅಸಂಗತವಾಗಿ ತೋರುವುದಿಲ್ಲ. ಅಮರಕೋಶದ ರಾಜಹಂಸಕ್ಕೆ ಬಿಳಿಯ ಮೈ, ಕೆಂಪು ಕೊಕ್ಕು, ಕೆಂಪು ಕಾಲು. ನಮ್ಮ ಅಸಮಾಧಾನ ಬೇರೆಡೆಯಿದೆ. ಆ ಹೆಸರಿನೊಡನೆ ಕವಿಸಮಯದ ಶೋಭೆಯೆಲ್ಲ ವರದಿಯೊಳಗೆ ನುಗ್ಗುತ್ತದೆ: ಅತಿಥಿ, ಸೌಂದರ್ಯ, ಸ್ವರ್ಗ. ನೀರಿನ ಅಡಿಯಲ್ಲಿರುವ ಊರಿನ ಮಾತು ಅಲ್ಲಿ ಬರುವುದಿಲ್ಲ. ನವನಗರದ ಕಾಂಕ್ರೀಟಿನ ಚಾವಣಿಗೆ ಜಂತಿಯಿಲ್ಲ, ಗುಬ್ಬಿಗೆ ಸಂದಿಲ್ಲ. ಅದೂ ಅದೇ ವರದಿಗೆ ಸೇರಬೇಕಾದ ಪಕ್ಷಿಸಂಗತಿ. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ತೆಳುನೀರಿನ ಕೆಸರು ಮೇಲೆ ಬರುತ್ತದೆ. ಕೊಕ್ಕನ್ನು ತಲೆಕೆಳಗಾಗಿ ಹಿಡಿದು ಫ್ಲೆಮಿಂಗೋ ಆಹಾರ ಸೋಸುವುದು ಅಲ್ಲಿ. ಆ ಕೆಸರಿನ ಎಷ್ಟೋ ಭಾಗ, ಅಣೆಕಟ್ಟಿಗೆ ಮೊದಲು, ಕವಣೆ ಹಿಡಿದು ಕಾದ ಜೋಳದ ಎರೆಯಾಗಿತ್ತು.